ಹೊಗೆಸೊಪ್ಪಿನ ಸಾಹುಕಾರ ವಿಲಿಯಂ ಹೆನ್ರಿ ವಿಲ್ಸ್

 

ಈ ಸಲದ ಗೋಡೆ ಪತ್ರಿಕೆಗೆ ಒಬ್ಬರ ಜೀವನ ಚರಿತ್ರೆ ಬರೆದುಕೊಡು ಎಂದು ಸಮಾಜ ಮೇಷ್ಟ್ರು ಹೇಳಿದರು. ಗಾಂಧೀಜಿ, ವಿಶ್ವೇಶ್ವರಯ್ಯನವರ ಬಗ್ಗೆ ಈ ಗೋಡೆ ಮೇಲೆ ಬೇಕಾದಷ್ಟು ಸಲ ಬಂದಿದೆ. ಏನು ಬರೆಯೋದು ಅಂತ ಕೂತಿದ್ದಾಗ ನಮ್ಮ ಮಾವನ ಟ್ರಂಕಿನ ಮುಚ್ಚಳಕ್ಕೆ ಅಂಟಿಸಿರುವ ಹಳೇ ಪೇಪರಿನ ಚಿತ್ರ ಕಣ್ಣಿಗೆ ಬಿತ್ತು. 1996ರಲ್ಲಿ ಬೆಂಗಳೂರಿನಲ್ಲಿ ನಮ್ಮವರು ಪಾಕಿಸ್ತಾನವನ್ನು ಸೋಲಿಸಿದ ಮ್ಯಾಚಿನದು. ಅದರ ಮೇಲೆ ‘ವಿಲ್ಸ್ ವರ್ಲ್ಡ್ ಕಪ್’ ಎಂದಿದೆ. ವಿಲ್ಸ್ ಅಂದ್ರೆ ಸಿಗರೇಟು ಅಂತ ನಮಗೆಲ್ಲಾ ಗೊತ್ತು. ಆದರೆ ಅದು ಒಬ್ಬ ಮನುಷ್ಯನ ಮನೆತನದ ಹೆಸರು ಅಂತ ನನಗೆ ಗೊತ್ತಿರಲಿಲ್ಲ. ಪುಸ್ತಕದಲ್ಲೂ ಮೇಷ್ಟ್ರ ಮೊಬೈಲಿನಲ್ಲೂ ಹುಡುಕಿ ಓದಿ ಬರೆದಿದ್ದೇನೆ.

ಇಂಗ್ಲೆಂಡಿನ ಪಶ್ಚಿಮಕ್ಕೆ ಬ್ರಿಸ್ಟಲ್ ಎಂಬ ಬಂದರು ಪಟ್ಟಣ ಇದೆ. ಅಲ್ಲಿಗೆ 1786ರಲ್ಲಿ ಹೆನ್ರಿ ಓವರ್ಟನ್ ವಿಲ್ಸ್ ಎಂಬುವರು ಬಂದು ತಂಬಾಕಿನ ಅಂಗಡಿ ವ್ಯಾಪಾರಕ್ಕೆ ಸೇರಿದರು. ಅವರ ಮಕ್ಕಳ ಕಾಲಕ್ಕೆ ಅದು ‘ಡಬ್ಲ್ಯೂ.ಡಿ. ಅಂಡ್ ಎಚ್.ಓ. ವಿಲ್ಸ್’ ಎಂಬ ಕಂಪನಿ ಆಯಿತು. ಮೊಮ್ಮಗನೇ ನಮ್ಮ ಕಥಾನಾಯಕ ವಿಲಿಯಂ ಹೆನ್ರಿ ವಿಲ್ಸ್. ಹುಟ್ಟಿದ್ದು 1830ರಲ್ಲಿ. ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದಾಗ ಆರು ವರ್ಷದ ಹುಡುಗ. ಲಾಯರ್ ಆಗಬೇಕು ಅಂತ ಇತ್ತಂತೆ, ಆರೋಗ್ಯ ಸರಿಯಿಲ್ಲದೆ ಅದನ್ನು ಬಿಟ್ಟು ಮನೆಯ ವ್ಯಾಪಾರಕ್ಕೇ ಬಂದರು.

ಆಗ ತಂಬಾಕು ಎಂದರೆ ಹೆಚ್ಚಾಗಿ ಪೈಪಿಗೆ ಹಾಕುವ ಪುಡಿ ಮತ್ತು ನಶ್ಯ. ಸಿಗರೇಟು ಹೊಸ ವಸ್ತು, ದುಬಾರಿ, ಯಾಕಂದ್ರೆ ಒಂದೊಂದನ್ನೂ ಕೈಯಲ್ಲಿ ಸುತ್ತಬೇಕು. ಚೆನ್ನಾಗಿ ಕೈ ಪಳಗಿದವರು ದಿನಕ್ಕೆ ಎರಡು ಮೂರು ಸಾವಿರ ಸುತ್ತುತ್ತಿದ್ದರು. ಆಗ ಅಮೇರಿಕದ ಬೋನ್‌ಸಾಕ್ ಎಂಬ ಹುಡುಗ ಒಂದು ಯಂತ್ರ ಕಂಡುಹಿಡಿದ. ಸೊಪ್ಪಿನ ಪುಡಿಯನ್ನು ಉದ್ದನೆಯ ಕಾಗದದ ಪಟ್ಟಿಯ ಮೇಲೆ ಸುರಿದು, ಸುತ್ತಿ, ಕತ್ತರಿಸಿ, ಹತ್ತು ಗಂಟೆಯಲ್ಲಿ ಸುಮಾರು 1,20,000 ಸಿಗರೇಟು ಉದುರಿಸುತ್ತಿತ್ತು. ಲೆಕ್ಕ ಹಾಕಿ ನೋಡಿ, ನಿಮಿಷಕ್ಕೆ 200. ನಲವತ್ತು ಜನರ ಕೆಲಸ ಒಂದು ಯಂತ್ರದ್ದು. 1883ರಲ್ಲಿ ವಿಲ್ಸ್ ಕಂಪನಿ ಬ್ರಿಟನ್ನಿನಲ್ಲಿ ಆ ಯಂತ್ರದ ಹಕ್ಕನ್ನು ಕೊಂಡುಕೊಂಡಿತು. 1888ರಲ್ಲಿ ‘ವುಡ್‌ಬೈನ್’ ಎಂಬ ಸಿಗರೇಟು ತಂದರು. ಒಂದು ಪೆನ್ನಿಗೆ ಐದು! ಅಲ್ಲಿಂದ ಕೂಲಿ ಮಾಡುವವನ ಜೇಬಿಗೂ ಸಿಗರೇಟು ಬಂತು. ಇಡೀ ಕಥೆಯ ತಿರುವು ಇದೇ ಎಂದು ನನ್ನ ಅಭಿಪ್ರಾಯ. ಮುಂದೆ ಬರುವ ಒಳ್ಳೆಯದೂ ಕೆಟ್ಟದ್ದೂ ಈ ಒಂದು ಪೆನ್ನಿಯಿಂದಲೇ ಬಂದದ್ದು.

ಕೆಲಸದವರನ್ನು ಚೆನ್ನಾಗಿ ನೋಡಿಕೊಂಡ ಕಂಪನಿ ಎಂದು ವಿಲ್ಸ್‌ಗೆ ಹೆಸರಿತ್ತು. ಕಾರ್ಖಾನೆಯೊಳಗೇ ಊಟದ ಮನೆ, ಪುಕ್ಕಟೆ ಔಷಧಿ, ಆಟದ ಮೈದಾನ, ಸಂಬಳ ಸಹಿತ ರಜೆ ಕೊಟ್ಟ ಮೊದಲ ಕೆಲವು ಕಂಪನಿಗಳಲ್ಲಿ ಅದೂ ಒಂದು. ನೂರ ಮೂವತ್ತು ವರ್ಷದ ಹಿಂದೆ ಸಂಬಳ ಸಹಿತ ರಜೆ ಅಂದ್ರೆ ಸಣ್ಣ ಮಾತಲ್ಲ. ಸೊಪ್ಪು ಮುರಿಯೋಕೆ ಬರುವ ಆಳುಗಳಿಗೆ ನಮ್ಮ ಕಡೆ ಇವತ್ತಿಗೂ ಅದು ಇಲ್ಲ.

ವಿಲಿಯಂ ವಿಲ್ಸ್ ಲಿಬರಲ್ ಪಕ್ಷದಿಂದ ಪಾರ್ಲಿಮೆಂಟಿಗೂ ಹೋದರು. 1880ರಿಂದ 1885ರವರೆಗೆ ಕೊವೆಂಟ್ರಿ ಊರಿನಿಂದ, 1895ರಿಂದ 1900ರವರೆಗೆ ಪೂರ್ವ ಬ್ರಿಸ್ಟಲ್‌ನಿಂದ. 1901ರಲ್ಲಿ ಅಮೇರಿಕದ ಡ್ಯೂಕ್ ಎಂಬ ಭಾರೀ ತಂಬಾಕು ವ್ಯಾಪಾರಿ ಇಂಗ್ಲೆಂಡಿನ ಒಂದು ಕಂಪನಿಯನ್ನು ಕೊಂಡುಕೊಂಡಾಗ ಉಳಿದವರಿಗೆ ಗಾಬರಿ ಆಯ್ತು. ಒಬ್ಬರಿಗೊಬ್ಬರು ಪೈಪೋಟಿ ಮಾಡ್ತಿದ್ದ 13 ಕಂಪನಿಗಳು ಒಟ್ಟಾಗಿ ‘ಇಂಪೀರಿಯಲ್ ಟೊಬ್ಯಾಕೊ’ ಆದವು. ಅದರ ಮೊದಲ ಅಧ್ಯಕ್ಷರು ಇವರೇ. 1906ರಲ್ಲಿ ಸರ್ಕಾರ ಇವರನ್ನು ಲಾರ್ಡ್ ವಿಂಟರ್‌ಸ್ಟೋಕ್ ಎಂದು ಮಾಡಿತು.

ಇನ್ನು ದಾನದ ವಿಷಯ. ಬ್ರಿಸ್ಟಲ್ ಜನರಿಗೆ ಒಂದು ದೊಡ್ಡ ಚಿತ್ರಶಾಲೆ ಕಟ್ಟಿಸಿಕೊಟ್ಟರು, 1905ರಲ್ಲಿ ತೆರೆಯಿತು. ಈಗಲೂ ಇದೆ. ತಾವು ವಾಸವಿದ್ದ ಬ್ಲಾಗ್ಡನ್ ಎಂಬ ಹಳ್ಳಿಯ ಚರ್ಚನ್ನು ತಮ್ಮ ಖರ್ಚಿನಲ್ಲಿ ಹೊಸದಾಗಿ ಕಟ್ಟಿಸಿದರು. ಸ್ವಾರಸ್ಯ ಏನೆಂದರೆ ಇವರು ಆ ಚರ್ಚಿನ ಪಂಗಡಕ್ಕೆ ಸೇರಿದವರೇ ಅಲ್ಲ. ಇವರ ಸೋದರ ಸಂಬಂಧಿ ಮೂರನೇ ಹೆನ್ರಿ ಓವರ್ಟನ್ ವಿಲ್ಸ್ 1908ರಲ್ಲಿ ಒಂದು ಲಕ್ಷ ಪೌಂಡು ಕೊಡುತ್ತೇನೆ ಎಂದು ಮಾತು ಕೊಟ್ಟರು, ಮಾರನೇ ವರ್ಷವೇ ಬ್ರಿಸ್ಟಲ್ ವಿಶ್ವವಿದ್ಯಾನಿಲಯ ಹುಟ್ಟಿತು. ಹೊಗೆಸೊಪ್ಪಿನ ದುಡ್ಡಿನಿಂದ ಒಂದು ಯೂನಿವರ್ಸಿಟಿ! ವಿಲಿಯಂ ಅವರಿಗೆ ಸ್ವಂತ ಮಕ್ಕಳಿರಲಿಲ್ಲ. ಸಾಕು ಮಗಳು ಜಾನೆಟ್ ಕೂಡ ಕೊಡುಗೈ. ದಕ್ಷಿಣ ಧ್ರುವಕ್ಕೆ ಹೊರಟ ಶ್ಯಾಕಲ್ಟನ್‌ಗೆ ಸಹಾಯ ಮಾಡಿದ್ದಕ್ಕೆ ಅವರ ಒಂದು ದೋಣಿಗೆ ಈಕೆಯ ಹೆಸರಿಟ್ಟಿದ್ದರು.

ವಿಲಿಯಂ ವಿಲ್ಸ್ ತೀರಿಕೊಂಡದ್ದು 1911ರ ಜನವರಿಯಲ್ಲಿ. ಅದಕ್ಕೆ ಐದು ತಿಂಗಳು ಮೊದಲು, 1910ರ ಆಗಸ್ಟಿನಲ್ಲಿ, ಕಲ್ಕತ್ತೆಯಲ್ಲಿ ‘ಇಂಪೀರಿಯಲ್ ಟೊಬ್ಯಾಕೊ ಕಂಪನಿ ಆಫ್ ಇಂಡಿಯಾ’ ಶುರುವಾಗಿತ್ತು. ಈಗಿನ ಐಟಿಸಿ ಅದೇ. ಹೀಗೆ ಆ ಹೆಸರು ನಮ್ಮ ಮಾವನ ಟ್ರಂಕಿನವರೆಗೂ ಬಂತು.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ನನಗೆ ಒಂದು ವಿಷಯ ಕೊರೆಯುತ್ತಿದೆ. ಹೋದ ವರ್ಷ ಮಳೆಗಾಲದಲ್ಲಿ ನಮ್ಮೆಲ್ಲರ ಕೈಲಿ ತಂಬಾಕು ವಿರೋಧಿ ಪ್ರತಿಜ್ಞೆ ಮಾಡಿಸಿದರು. ಬಲಗೈ ಮುಂದೆ ಚಾಚಿ ಹೇಳಬೇಕು. ನಾನು ಹಿಂದಿನ ದಿನ ಪೂರ್ತಿ ಸೊಪ್ಪು ಕಟ್ಟಿದ್ದೆ. ಅಂಟು ಕರ್ರಗೆ ಬೆರಳಿಗೆ ಹಿಡಿದಿತ್ತು, ಸೀಗೆಪುಡಿಯಲ್ಲಿ ಉಜ್ಜಿದರೂ ಹೋಗಿರಲಿಲ್ಲ. ಅಕ್ಕಪಕ್ಕ ನೋಡಿದರೆ ಇನ್ನೂ ಐದಾರು ಕೈ ಹಾಗೇ ಇದ್ದವು. ನನ್ನ ಪುಸ್ತಕ, ಅಕ್ಕನ ಕಾಲೇಜು ಫೀಸು, ಅಜ್ಜಿಯ ಕಣ್ಣಿನ ಆಪರೇಷನ್, ಎಲ್ಲಾ ಹರಾಜು ಕಟ್ಟೆಯಿಂದ ಬಂದ ದುಡ್ಡು. ಹಾಗಾದರೆ ನಮ್ಮ ದುಡ್ಡು ಕೆಟ್ಟದ್ದಾ? ವಿಲ್ಸ್ ಅವರ ದಾನ ಕೆಟ್ಟದ್ದಾ?

ಸಿಗರೇಟಿನಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ ಎಂದು ಇಂಗ್ಲೆಂಡಿನ ಡಾಲ್ ಮತ್ತು ಹಿಲ್ ಎಂಬುವರು ಆಸ್ಪತ್ರೆಗಳ ರೋಗಿಗಳನ್ನು ವಿಚಾರಿಸಿ ತೋರಿಸಿಕೊಟ್ಟದ್ದು 1950ರಲ್ಲಿ. ಅಷ್ಟು ಹೊತ್ತಿಗೆ ವಿಲಿಯಂ ವಿಲ್ಸ್ ಸತ್ತು 39 ವರ್ಷ ಆಗಿತ್ತು. ಆದ್ದರಿಂದ ಗೊತ್ತಿದ್ದೂ ವಿಷ ಮಾರಿದರು ಎಂದು ಅವರನ್ನು ಬೈಯುವುದು ಸರಿಯಲ್ಲ. 1950ರ ಮೇಲೆ ಮಾರಿದವರಿಗೆ ಆ ನೆಪ ಇಲ್ಲ. ಆದರೆ ಇನ್ನೊಂದು ಸಂಗತಿ ವಿಲ್ಸ್ ಕಾಲದಲ್ಲೇ ಎಲ್ಲರಿಗೂ ಗೊತ್ತಿತ್ತು. ಅಮೇರಿಕದ ವರ್ಜೀನಿಯಾದಿಂದ ಬ್ರಿಸ್ಟಲ್‌ಗೆ ಬರುತ್ತಿದ್ದ ಸೊಪ್ಪನ್ನು ಬೆಳೆಯುತ್ತಿದ್ದವರು ಗುಲಾಮರು. ಅಲ್ಲಿ ಗುಲಾಮಗಿರಿ ನಿಂತದ್ದು 1865ರಲ್ಲಿ, ಆಗ ವಿಲಿಯಂ ಅವರಿಗೆ 35 ವರ್ಷ. ನಾವು ಈಗ ಬೆಳೆಯುವುದಕ್ಕೂ ಆ ವರ್ಜೀನಿಯಾ ಹೆಸರೇ ಇದೆ ನೋಡಿ. ಈ ಕಾರಣಕ್ಕೆ ಬ್ರಿಸ್ಟಲ್ ವಿದ್ಯಾರ್ಥಿಗಳಲ್ಲೇ ಕೆಲವರು ವಿಲ್ಸ್ ಹೆಸರಿನ ದೊಡ್ಡ ಕಟ್ಟಡಕ್ಕೆ ಬೇರೆ ಹೆಸರಿಡಿ ಎಂದು 2017ರಲ್ಲಿ ಕೇಳಿದರು. ತುಂಬಾ ಚರ್ಚೆ ಆಗಿ, 2023ರಲ್ಲಿ ಹೆಸರು ಹಾಗೇ ಇರಲಿ ಎಂದು ವಿಶ್ವವಿದ್ಯಾನಿಲಯ ತೀರ್ಮಾನಿಸಿತು. ಅದೇ ವಿಶ್ವವಿದ್ಯಾನಿಲಯದಲ್ಲಿ ಇವತ್ತು ಸಿಗರೇಟಿನ ಹಾನಿಯ ಬಗ್ಗೆ ಸಂಶೋಧನೆ ಮಾಡುವ ಒಂದು ತಂಡವೂ ಇದೆ.

ನನ್ನ ಅನಿಸಿಕೆ ಹೇಳುತ್ತೇನೆ, ತಪ್ಪಿದ್ದರೆ ಗುರುಗಳು ತಿದ್ದಬೇಕು. ವಿಲ್ಸ್ ತಮ್ಮ ಊರಿಗೆ ಒಳ್ಳೆಯವರೇ. ಗಳಿಸಿದ್ದನ್ನು ಊರಿಗೆ ಕೊಟ್ಟರು, ನಮ್ಮ ಗುಬ್ಬಿ ತೋಟದಪ್ಪನವರು ಅದೇ ಕಾಲದಲ್ಲಿ ಬೆಂಗಳೂರಿನಲ್ಲಿ ಪ್ರಯಾಣಿಕರಿಗೆ ಛತ್ರ, ಓದುವ ಹುಡುಗರಿಗೆ ಉಚಿತ ಹಾಸ್ಟೆಲ್ ಮಾಡಿಸಿದ ಹಾಗೆ. ಆದರೆ ಚಿತ್ರಶಾಲೆ ಎದ್ದದ್ದು ಸಿಗರೇಟು ಸುತ್ತಿದ ಊರಿನಲ್ಲಿ. ಸೊಪ್ಪು ಬೆಳೆದವರ ಊರಿನಲ್ಲಿ ಅಲ್ಲ. ಸೇದಿದವರ ಹಳ್ಳಿಯಲ್ಲೂ ಅಲ್ಲ. ಬ್ಯಾರನ್ ಮುಂದೆ ನಿದ್ದೆಗೆಟ್ಟು, 160 ಡಿಗ್ರಿ ಬಂತಾ ಅಂತ ಬ್ಯಾಟರಿ ಬಿಟ್ಟು ನೋಡುವ ನಮ್ಮಪ್ಪನಂಥವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

ಇದನ್ನೆಲ್ಲಾ ಬರೆದು ಅಪ್ಪನಿಗೆ ಓದಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, “ಆ ಊರಲ್ಲಿ ಈಗಲೂ ಸಿಗರೇಟು ಮಾಡ್ತಾರಾ?” ಎಂದರು. ಇಲ್ಲ, ಬ್ರಿಸ್ಟಲ್‌ನ ವಿಲ್ಸ್ ಕಾರ್ಖಾನೆ 1990ರಲ್ಲೇ ಮುಚ್ಚಿತು, ಹಳೇ ಕಟ್ಟಡದ ಒಂದು ಭಾಗದಲ್ಲಿ ಈಗ ನಾಟಕ ಆಡ್ತಾರೆ, ಕಂಪನಿಯ ಮುಖ್ಯ ಆಫೀಸು ಮಾತ್ರ ಅಲ್ಲೇ ಇದೆ ಎಂದೆ. “ಮಾಡೋದು ಬಿಟ್ಟವ್ರೆ, ಲೆಕ್ಕ ಇಟ್ಕೊಂಡವ್ರೆ ಅನ್ನು” ಎಂದು ನಕ್ಕರು.

ಈ ಸಲ ಕೆರೆ ಕೆಳಗಿನ ಅರ್ಧ ಎಕರೆಗೆ ಜೋಳ ಹಾಕಿದ್ದೇವೆ. ಮಿಕ್ಕಿದ್ದಕ್ಕೆಲ್ಲಾ ಹೊಗೆಸೊಪ್ಪೇ.

— ಒಂಬತ್ತನೇ ತರಗತಿ, ರಾವಂದೂರು