ನಾಯಿ ಸಾಕಿದವರು ತಿಳಿದಿರಬೇಕಾದ ಸಂಗತಿಗಳು



ನಮ್ಮ ಊರಿನಲ್ಲಿ ನಾಯಿ ಇಲ್ಲದ ಓಣಿ ಇಲ್ಲ. ಹೊಲ ಕಾಯಲು, ಕುರಿ ಕಾಯಲು, ರಾತ್ರಿ ಮನೆ ಕಾಯಲು ನಾಯಿ ಬೇಕು. ಆದರೆ ಆ ನಾಯಿಯನ್ನು ಕಾಯುವವರು ಯಾರು? ಉಳಿದ ರೊಟ್ಟಿ ಹಾಕಿದರೆ ನಮ್ಮ ಕೆಲಸ ಮುಗೀತು ಅಂತ ಬಹಳ ಮಂದಿ ತಿಳಿದಿದ್ದಾರೆ. ಅಷ್ಟೇ ಸಾಲದು. ಸಾಕಿದ ನಾಯಿಯ ಆರೋಗ್ಯ ಕೆಟ್ಟರೆ ಓಣಿಯ ಮಕ್ಕಳ ಜೀವಕ್ಕೂ ಅಪಾಯ.

ನಮ್ಮ ಮನೆಯಲ್ಲಿ ಕಾಳ್ಯಾ ಎಂಬ ನಾಟಿ ನಾಯಿ ಇದೆ. ಕಲಬುರಗಿಯಲ್ಲಿ ನಮ್ಮ ಮಾಮಾನ ಮನೆಯಲ್ಲಿ ಉದ್ದ ಕೂದಲಿನ ಪೊಮೇರಿಯನ್ ನಾಯಿ ಇದೆ. ಈ ಎರಡನ್ನೂ ನೋಡಿ, ಕಮಲಾಪುರದ ಪಶು ದವಾಖಾನೆಯಲ್ಲಿ ಕೇಳಿ ತಿಳಿದುಕೊಂಡದ್ದನ್ನು ಕೆಳಗೆ ಬರೆದಿದ್ದೇನೆ.

1. ನೀರು ಮತ್ತು ನೆರಳು

ನಮಗೆ ಸೆಕೆಯಾದರೆ ಮೈಯೆಲ್ಲ ಬೆವರುತ್ತದೆ. ನಾಯಿಗೆ ಹಾಗಲ್ಲ. ಅದರ ಅಂಗಾಲಿನಲ್ಲಿ ಮಾತ್ರ ಸ್ವಲ್ಪ ಬೆವರು ಬರುತ್ತದೆ. ಆದ್ದರಿಂದ ಅದು ನಾಲಿಗೆ ಚಾಚಿ ತೇಕುತ್ತಾ ಮೈ ತಂಪು ಮಾಡಿಕೊಳ್ಳುತ್ತದೆ. ನಾಯಿಯ ಮೈ ಶಾಖ ಸಹಜವಾಗಿಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮಗಿಂತ ಹೆಚ್ಚು.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಂಗಳದ ಶಹಾಬಾದ್ ಪರಸಿ ಕಾದು ಹಂಚಿನಂತೆ ಆಗುತ್ತದೆ. ಅದರ ಮೇಲೆ ನಾಯಿ ಕಟ್ಟಿದರೆ ಕಾಲು ಸುಡುತ್ತವೆ. ಪರೀಕ್ಷೆ ಸುಲಭ: ನಿಮ್ಮ ಅಂಗೈಯನ್ನು ಪರಸಿಯ ಮೇಲೆ ಇಟ್ಟು ಐದು ಎಣಿಸಿರಿ. ಕೈ ತಡೆಯದಿದ್ದರೆ ನಾಯಿಯ ಕಾಲೂ ತಡೆಯುವುದಿಲ್ಲ.

ಗಿಡದ ನೆರಳಿನಲ್ಲಿ ಕಟ್ಟಿರಿ. ಹರಿವಾಣದಲ್ಲಿ ದಿನಕ್ಕೆ ಎರಡು ಮೂರು ಸಲ ಹೊಸ ನೀರು ಹಾಕಿರಿ. ಪಟ್ಟಣದವರು ತಗಡಿನ ಕೆಳಗೆ, ಮಾಳಿಗೆ ಮೇಲೆ ಕಟ್ಟಬಾರದು. ಮಾಮಾ ಅವರು ತಮ್ಮ ನಾಯಿಯನ್ನು ಬೆಳಿಗ್ಗೆ ಬಿಸಿಲು ಏರುವ ಮೊದಲು ಮತ್ತು ಹೊತ್ತು ಮುಳುಗಿದ ಮೇಲೆ ಮಾತ್ರ ತಿರುಗಾಡಿಸುತ್ತಾರೆ. ಸೆಕೆ ಅಂತ ಅದರ ಕೂದಲನ್ನು ಬುಡಕ್ಕೆ ಬೋಳಿಸುವುದಿಲ್ಲ, ದಿನಾ ಬಾಚುತ್ತಾರೆ. ಬೋಳಿಸಿದರೆ ಚರ್ಮಕ್ಕೆ ನೇರ ಬಿಸಿಲು ಬಡಿಯುತ್ತದೆ.

ನಾಯಿ ಬಿಸಿಲಿಗೆ ತೂರಾಡಿದರೆ, ಜೊಲ್ಲು ಸುರಿಸಿ ಬಿದ್ದರೆ ನೆರಳಿಗೆ ಒಯ್ದು ಹೊಟ್ಟೆ, ಕಾಲುಗಳಿಗೆ ಸಾದಾ ನೀರು ಹಾಕಿ ಗಾಳಿ ಬೀಸಿರಿ. ಬಾಯಿಗೆ ಒತ್ತಾಯದಿಂದ ನೀರು ಸುರಿಯಬೇಡಿ. ಕೂಡಲೇ ಪಶುವೈದ್ಯರಿಗೆ ತೋರಿಸಿರಿ.

2. ಊಟ

ಬರೀ ಜೋಳದ ರೊಟ್ಟಿಯಿಂದ ನಾಯಿಗೆ ಶಕ್ತಿ ಸಾಲುವುದಿಲ್ಲ. ರೊಟ್ಟಿ ಮುರಿದು ಮಜ್ಜಿಗೆಯಲ್ಲಿ ನೆನೆಸಿ, ಜೊತೆಗೆ ಬೇಯಿಸಿದ ತತ್ತಿ ಅಥವಾ ಖಾರ ಹಾಕದ ಮಾಂಸ ಕೊಟ್ಟರೆ ಒಳ್ಳೆಯದು. ನಮ್ಮ ಕಮಲಾಪುರದ ಕೆಂಪು ಬಾಳೆಹಣ್ಣು ಸಿಪ್ಪೆ ತೆಗೆದು ಒಂದು ತುಂಡು ಕೊಟ್ಟರೂ ನಡೀತದ.

ಕೊಡಬಾರದವು: ಉಳ್ಳಾಗಡ್ಡಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕಲೇಟು, ಚಹಾ. ಉಳ್ಳಾಗಡ್ಡಿ ನಾಯಿಯ ರಕ್ತ ಕೆಡಿಸುತ್ತದೆ. ದ್ರಾಕ್ಷಿ ಮೂತ್ರಪಿಂಡ ಕೆಡಿಸುತ್ತದೆ. ಬೇಯಿಸಿದ ಕೋಳಿ ಎಲುಬು ಸೀಳಿ ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ.

3. ಉಣ್ಣಿ ಮತ್ತು ಹುಳ

ಉಣ್ಣಿ ರಕ್ತ ಹೀರುವುದಲ್ಲದೆ ಜ್ವರವನ್ನೂ ತರುತ್ತದೆ. ಕಿವಿಯ ಒಳಗೆ, ಬೆರಳುಗಳ ಸಂದಿಯಲ್ಲಿ, ಕುತ್ತಿಗೆ ಪಟ್ಟಿಯ ಕೆಳಗೆ ವಾರಕ್ಕೊಮ್ಮೆಯಾದರೂ ನೋಡಬೇಕು. ಚಿಮುಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆದು ತೆಗೆಯಬೇಕು.

ಇಲ್ಲಿ ಒಂದು ಮಾತು ಬಹಳ ಮುಖ್ಯ. ತೊಗರಿಗೆ ಹೊಡೆಯುವ ಎಣ್ಣಿಯನ್ನು ಉಣ್ಣಿ ಸಾಯಲಿ ಅಂತ ನಾಯಿಯ ಮೈಗೆ ಹಚ್ಚಬ್ಯಾಡ್ರಿ. ಅದು ಬೆಳೆಗೆ ಹೊಡೆಯುವ ವಿಷ. ನಾಯಿ ಮೈ ನೆಕ್ಕಿಕೊಂಡರೆ ಉಣ್ಣಿಗಿಂತ ಮೊದಲು ನಾಯಿಯೇ ಸಾಯಬಹುದು. ಸೀಮೆಎಣ್ಣೆಯೂ ಬೇಡ. ನಾಯಿಗೆಂದೇ ಇರುವ ಔಷಧವನ್ನು ಪಶುವೈದ್ಯರನ್ನು ಕೇಳಿ ತರಬೇಕು.

ಹೊಟ್ಟೆಹುಳದ ಔಷಧವನ್ನು ಕುನ್ನಿಗಳಿಗೆ ಎರಡು ಮೂರು ವಾರ ಆದಾಗಿನಿಂದ, ದೊಡ್ಡ ನಾಯಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಕೊಡುತ್ತಾರೆ. ನಾಯಿಯ ಹುಳದ ತತ್ತಿ ಮಣ್ಣಿನಲ್ಲಿ ಇರುತ್ತದೆ. ಆದ್ದರಿಂದ ನಾಯಿ ಮುಟ್ಟಿದ ಮೇಲೆ, ಮಣ್ಣಲ್ಲಿ ಆಡಿದ ಮೇಲೆ ಕೈ ತೊಳೆಯದೆ ಉಣ್ಣಬಾರದು.

4. ಕಲಿಸುವ ರೀತಿ

ನಾಯಿಗೆ ಭಾಷೆ ಗೊತ್ತಿಲ್ಲ, ದನಿ ಗೊತ್ತು. ಒಂದೇ ಮನೆಯಲ್ಲಿ ಮುತ್ಯಾ "ಕೂಡು" ಅಂತಾರ, ಕಾಕಾ "ಬೈಠ್" ಅಂತಾರ, ತಮ್ಮ "ಸಿಟ್" ಅಂತಾನ. ಪಾಪ, ನಾಯಿ ಯಾವುದನ್ನು ಕೇಳಬೇಕು? ಮನೆಮಂದಿಯೆಲ್ಲ ಒಂದೇ ಶಬ್ದ ಬಳಸಬೇಕು. ದಿನಕ್ಕೆ ಎರಡು ಸಲ, ಐದೈದು ನಿಮಿಷ ಸಾಕು. ಹೇಳಿದ ಹಾಗೆ ಮಾಡಿದ ಕೂಡಲೇ ಒಂದು ತುಂಡು ರೊಟ್ಟಿ ಕೊಟ್ಟು ಬೆನ್ನು ಸವರಿರಿ. ತಪ್ಪು ಮಾಡಿ ಬಹಳ ಹೊತ್ತಾದ ಮೇಲೆ ಹೊಡೆದರೆ ಅದಕ್ಕೆ ಯಾಕೆ ಹೊಡೆದರು ಅಂತ ತಿಳಿಯುವುದಿಲ್ಲ. ಅಂಜಿದ ನಾಯಿಯೇ ಕಚ್ಚುವ ನಾಯಿ. ಹಗಲೂ ರಾತ್ರಿ ಸರಪಳಿಯಲ್ಲಿ ಇದ್ದ ನಾಯಿಗೂ ಸಿಟ್ಟು ಹೆಚ್ಚು.

ನಮ್ಮ ದೇಶದ ನಾಯಿಗೆ ಬುದ್ಧಿ ಕಡಿಮೆ ಅನ್ನುವವರು ಮುಧೋಳ ನಾಯಿಯನ್ನು ನೆನೆಯಬೇಕು. ಬಾಗಲಕೋಟೆ ಜಿಲ್ಲೆಯ ಮುಧೋಳದ ಈ ತಳಿಯ ಚಿತ್ರವಿರುವ ಅಂಚೆ ಚೀಟಿ 2005ರಲ್ಲಿ ಬಂದಿತು. 2016ರಲ್ಲಿ ನಮ್ಮ ಸೈನ್ಯವು ಮುಧೋಳ ಕುನ್ನಿಗಳನ್ನು ಮೀರತ್‌ಗೆ ಒಯ್ದು ತರಬೇತಿ ಕೊಟ್ಟಿತು. ಕಲಿಸಿದರೆ ನಮ್ಮ ನಾಯಿಗಳೂ ಕಲಿಯುತ್ತವೆ.

5. ವರ್ಷಕ್ಕೊಂದು ಸೂಜಿ

ಕುನ್ನಿಗೆ ಆರರಿಂದ ಎಂಟು ವಾರ ಆದಾಗ ರಕ್ತಭೇದಿ ತರುವ ಪಾರ್ವೊ ರೋಗದ ಲಸಿಕೆ ಶುರುವಾಗುತ್ತದೆ. ಮೂರು ತಿಂಗಳು ತುಂಬಿದಾಗ ಹುಚ್ಚುನಾಯಿ ರೋಗದ, ಅಂದರೆ ರೇಬೀಸ್ ಲಸಿಕೆ ಹಾಕಿಸಬೇಕು. ಆಮೇಲೆ ಅದನ್ನು ವೈದ್ಯರು ಹೇಳಿದಂತೆ ವರ್ಷಕ್ಕೊಮ್ಮೆ ತಪ್ಪದೆ ಹಾಕಿಸಬೇಕು. ಎತ್ತು, ಎಮ್ಮೆಗಳನ್ನು ದವಾಖಾನೆಗೆ ಒಯ್ಯುವ ನಾವು ನಾಯಿಯನ್ನು ಮರೆಯುತ್ತೇವೆ.

"ಹುಚ್ಚು ನಾಯಿ ನೀರು ಕಂಡ್ರ ಅಂಜತದ" ಎಂದು ಹಿರಿಯರು ಹೇಳ್ತಾರ. ನೀರಿಗೆ ಅಂಜುವುದು ಆ ರೋಗ ತಗುಲಿದ ಮನುಷ್ಯನ ಲಕ್ಷಣ. ರೋಗದ ನಾಯಿ ನೀರಿನ ಹತ್ತಿರ ಹೋಗಬಹುದು. ಇನ್ನೊಂದು ಮಾತು: ಈ ರೋಗ ಬಂದ ಎಲ್ಲ ನಾಯಿಗಳೂ ಓಡಾಡಿ ಕಚ್ಚುವುದಿಲ್ಲ. ಕೆಲವು ಮೂಲೆಯಲ್ಲಿ ಸುಮ್ಮನೆ ಕೂತು, ದವಡೆ ಜೋತುಬಿಟ್ಟು, ಜೊಲ್ಲು ಸುರಿಸುತ್ತವೆ. ಗಂಟಲಲ್ಲಿ ಎಲುಬು ಸಿಕ್ಕಿದೆ ಅಂತ ಬಾಯಲ್ಲಿ ಕೈ ಹಾಕಬಾರದು.

6. ಕಚ್ಚಿದರೆ, ಪರಚಿದರೆ

ಗೆಳೆಯರೇ, ಈ ಭಾಗವನ್ನು ಎರಡು ಸಲ ಓದಿರಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಉಳಿಯುವುದು ಇಲ್ಲವೇ ಇಲ್ಲ ಎನ್ನಬಹುದು. ಲಕ್ಷಣ ಕಾಣುವ ಮೊದಲೇ ಲಸಿಕೆ ಹಾಕಿಸಿಕೊಂಡರೆ ಜೀವ ಉಳಿಯುತ್ತದೆ. ಫ್ರಾನ್ಸಿನ ಲೂಯಿ ಪಾಶ್ಚರ್ 1885ರ ಜುಲೈ 6ರಂದು ಜೋಸೆಫ್ ಮೈಸ್ಟರ್ ಎಂಬ 9 ವರ್ಷದ ಹುಡುಗನಿಗೆ ಈ ಲಸಿಕೆ ಕೊಟ್ಟರು. ಆತ ಬದುಕಿದ. ಪಾಶ್ಚರ್ ತೀರಿಕೊಂಡ ಸೆಪ್ಟೆಂಬರ್ 28ನ್ನು ವಿಶ್ವ ರೇಬೀಸ್ ದಿನವೆಂದು ಆಚರಿಸುತ್ತಾರೆ.

ಮಾಡಬೇಕಾದುದು ಇಷ್ಟು:

ಅ) ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು.
ಆ) ಸುಣ್ಣ, ಅರಿಷಿಣ, ಖಾರಪುಡಿ ಹಚ್ಚಬಾರದು. ಬಿಗಿಯಾಗಿ ಪಟ್ಟಿ ಕಟ್ಟಬಾರದು.
ಇ) ಅದೇ ದಿನ ಸರ್ಕಾರಿ ದವಾಖಾನೆಗೆ ಹೋಗಬೇಕು. ಗಾಯದಿಂದ ರಕ್ತ ಬಂದಿದ್ದರೆ ಲಸಿಕೆಯ ಜೊತೆ ಗಾಯದ ಸುತ್ತ ಇನ್ನೊಂದು ಔಷಧ ಹಾಕಬೇಕಾಗುತ್ತದೆ. ಅದನ್ನು ವೈದ್ಯರಿಗೆ ನೆನಪು ಮಾಡಿರಿ.
ಈ) ಲಸಿಕೆ ಹಾಕಿದ ಮೊದಲ ದಿನವನ್ನು 0 ಎಂದು ಎಣಿಸಿ 3, 7, 28ನೇ ದಿನ ಮತ್ತೆ ಹೋಗಬೇಕು. ಕೆಲವು ಕಡೆ 14ನೇ ದಿನವೂ ಇರುತ್ತದೆ. ಚೀಟಿಯಲ್ಲಿ ಬರೆದುಕೊಟ್ಟಂತೆ ಪೂರ್ತಿ ಮಾಡಬೇಕು.
ಉ) ಸಾಕಿದ ನಾಯಿ ಕಚ್ಚಿದ್ದರೆ ಅದನ್ನು ಕೊಲ್ಲದೆ 10 ದಿನ ಕಟ್ಟಿಹಾಕಿ ನೋಡಬೇಕು. ಆದರೆ 10 ದಿನ ಆಗಲಿ ಅಂತ ನಮ್ಮ ಸೂಜಿಯನ್ನು ತಡೆಯಬಾರದು.

ಕೆಲವು ಮಕ್ಕಳು ಮನೆಯಲ್ಲಿ ಬೈತಾರ ಅಂತ ಕಚ್ಚಿದ್ದನ್ನು ಮುಚ್ಚಿಡುತ್ತಾರೆ. ಕೆಲವರು ಸೂಜಿಗೆ ಅಂಜುತ್ತಾರೆ. ನಮ್ಮ ಮುತ್ಯಾನೂ "ಹೊಟ್ಟಿ ಸುತ್ತ ಹದಿನಾಕು ಸೂಜಿ ಚುಚ್ಚತಾರ" ಅಂತಿದ್ದರು. ಅದು ಕುರಿಯ ಮೆದುಳಿನಿಂದ ಮಾಡುತ್ತಿದ್ದ ಹಳೆಯ ಲಸಿಕೆ. ನಮ್ಮ ದೇಶದಲ್ಲಿ ಅದು 2005ರ ಹೊತ್ತಿಗೆ ನಿಂತುಹೋಯಿತು. ಈಗ ತೋಳಿಗೆ ಹಾಕುವ ಸಣ್ಣ ಸೂಜಿ, ಅಷ್ಟೇ. ಹಲ್ಲು ಸ್ವಲ್ಪ ತಾಗಿದರೂ, ಉಗುರು ಪರಚಿದರೂ ಅವ್ವನಿಗೋ ಗುರುಗಳಿಗೋ ಅದೇ ದಿನ ಹೇಳಿರಿ. ದೊಡ್ಡವರಲ್ಲಿ ನನ್ನ ವಿನಂತಿ ಏನೆಂದರೆ, ಹೇಳಿದ ಮಗುವಿಗೆ ಬೈಯಬ್ಯಾಡ್ರಿ.

ಕಚ್ಚಿಸಿಕೊಳ್ಳದಿರಲು: ಉಣ್ಣುವ ನಾಯಿ, ಮರಿ ಹಾಕಿದ ನಾಯಿಯ ಹತ್ತಿರ ಹೋಗಬೇಡಿ. ನಾಯಿ ಬೆನ್ನಟ್ಟಿದರೆ ಓಡಬೇಡಿ. ಕೈ ಕೆಳಗೆ ಬಿಟ್ಟು, ಅದರ ಕಣ್ಣು ನೋಡದೆ, ಗಿಡದಂತೆ ನಿಲ್ಲಿರಿ.

ಈ ಪತ್ರಿಕೆ ಓದಿದವರು ಇಂದು ಮನೆಗೆ ಹೋಗಿ ಒಂದೇ ಪ್ರಶ್ನೆ ಕೇಳಿರಿ: "ನಮ್ಮ ನಾಯಿಗೆ ಈ ವರ್ಷದ ಸೂಜಿ ಆಗ್ಯಾದೇನು?" ಆಗಿಲ್ಲ ಅಂದರೆ ಕಮಲಾಪುರದ ಸಂತೆಗೆ ಹೊರಟವರ ಜೊತೆ ನಾಯಿಯನ್ನೂ ಕಳಿಸಿರಿ. ಆದ ತಾರೀಖನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿರಿ.

— 9ನೇ ತರಗತಿಯ ವಿದ್ಯಾರ್ಥಿ