ತೆಳುನೀರಿನ ಮೇಲೆ ಜಾರುಹಲಗೆ

ಕೆರೆಯ ದಡದಲ್ಲಿ ನಿಂತು ಚಪ್ಪಟೆಯಾದ ಕಲ್ಲೊಂದನ್ನು ನೀರಿನ ಮೇಲೆ ಓರೆಯಾಗಿ ಬೀಸಿ ಎಸೆಯದ ಹುಡುಗರು ನಮ್ಮಲ್ಲಿ ವಿರಳ. ಕಲ್ಲು ನೀರಿಗಿಂತ ಎರಡೂವರೆ ಪಟ್ಟು ಸಾಂದ್ರವಾದ ವಸ್ತು. ಆದರೂ ಅದು ಒಡನೆಯೇ ಮುಳುಗದೆ ನಾಲ್ಕಾರು ಬಾರಿ ಕುಪ್ಪಳಿಸಿ, ವೇಗವು ಕುಗ್ಗಿದ ಮೇಲೆಯೇ ತಳವನ್ನು ಸೇರುತ್ತದೆ. ಆ ಕಲ್ಲಿನ ಸ್ಥಾನದಲ್ಲಿ ಒಂದು ಹಲಗೆಯನ್ನೂ ಹಲಗೆಯ ಮೇಲೆ ಒಬ್ಬ ಮನುಷ್ಯನನ್ನೂ ಕಲ್ಪಿಸಿಕೊಂಡರೆ ಈ ಲೇಖನದ ವಿಷಯವು ವಾಚಕರ ಕಣ್ಣಮುಂದೆ ಬಂದಂತಾಯಿತು. ಈ ಆಟಕ್ಕೆ ಇಂಗ್ಲಿಷಿನಲ್ಲಿ ಸ್ಕಿಮ್‌ಬೋರ್ಡಿಂಗ್ ಎಂದು ಹೆಸರು. ಆಟದ ಹಲಗೆಯನ್ನು ನಾವು ಜಾರುಹಲಗೆ ಎಂದು ಕರೆಯೋಣ.

ಇದರ ತವರು ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಲಗೂನಾ ಬೀಚ್ ಎಂಬ ಕಡಲತೀರದ ಊರು. 1920ರ ದಶಕದಲ್ಲಿ ಅಲ್ಲಿನ ಜೀವರಕ್ಷಕರು ಮರದ ಹಲಗೆಗಳ ಮೇಲೆ ನಿಂತು ದಡದ ತೆಳುನೀರಿನಲ್ಲಿ ಜಾರುತ್ತಿದ್ದರೆಂದು ಹೇಳುತ್ತಾರೆ. 1976ರಲ್ಲಿ ಅದೇ ಊರಿನಲ್ಲಿ ವಿಕ್ಟೋರಿಯ ಎಂಬ ಹೆಸರಿನ ಹಲಗೆಗಳ ತಯಾರಿಕೆ ಆರಂಭವಾಯಿತು. ಅಲೆಯು ಮರಳಿನ ಇಳಿಜಾರನ್ನೇರಿ ಹಿಂದಕ್ಕೆ ಸರಿಯುವಾಗ ಒಂದೆರಡು ಸೆಂಟಿಮೀಟರ್ ದಪ್ಪದ ನೀರಿನ ಪದರವೊಂದು ಕ್ಷಣಕಾಲ ಉಳಿಯುತ್ತದೆಯಷ್ಟೆ. ಆಟಗಾರನು ಹಲಗೆಯನ್ನು ಹಿಡಿದು ಓಡಿಬಂದು, ಅದನ್ನು ಆ ಪದರದ ಮೇಲೆ ಜಾರಬಿಟ್ಟು, ಓಡುತ್ತಲೇ ಅದರ ಮೇಲೆ ಹೆಜ್ಜೆಯಿಟ್ಟು ಸಾಗುತ್ತಾನೆ. ನಿಪುಣರು ಹಾಗೆಯೇ ಕಡಲಿನತ್ತ ಜಾರಿ, ಎದುರು ಬರುವ ಅಲೆಯನ್ನು ಸೇರಿ, ಅದರೊಡನೆ ದಡಕ್ಕೆ ಮರಳುತ್ತಾರೆ.

ಕೆಲವು ವರ್ಷಗಳ ಹಿಂದೆ, ಆ ಪ್ರಾಂತದಲ್ಲಿ ನೆಲೆಸಿರುವ ನನ್ನ ಸೋದರಮಾವನವರ ಮನೆಗೆ ಹೋಗಿದ್ದಾಗ ಈ ಆಟವನ್ನು ಮೊದಲ ಬಾರಿಗೆ ಕಂಡೆ. ಮಾವನ ಮಗನು ತನ್ನ ಹಲಗೆಯನ್ನು ನನ್ನ ಕೈಗೆ ಕೊಟ್ಟು, “ಭಾವ, ನೀವು ಫಿಸಿಕ್ಸ್ ಮೇಷ್ಟರು. ನಿಮಗೆ ನಾನು ಹೇಳಿಕೊಡಬೇಕೆ?” ಎಂದ. ಆ ಮಾತಿಗೆ ಉಬ್ಬಿ ನಾನು ಓಡಿದೆ. ಹಲಗೆಯನ್ನು ಬಿಟ್ಟೆ, ಅರೆಕ್ಷಣ ಅನುಮಾನಿಸಿ ನಿಂತೆ, ಬಳಿಕ ಅದರ ಮೇಲಕ್ಕೆ ಹಾರಿದೆ. ಹಲಗೆ ಮುಂದಕ್ಕೆ ಹೋಯಿತು. ನಾನು ಹಿಂದಕ್ಕೆ ಬಿದ್ದೆ. ಊರಿದ ಬಲಗೈಯ ಮಣಿಕಟ್ಟಿನ ಮೂಳೆ ಮುರಿಯಿತು. ಊರಿಗೆ ಮರಳಿದ ಮೇಲೆ ಹಲವು ದಿನ ಎಡಗೈಯಿಂದ ಕರಿಹಲಗೆಯ ಮೇಲೆ ಬರೆಯುತ್ತ ಪಾಠ ಮಾಡಬೇಕಾಯಿತು. ವಿದ್ಯಾರ್ಥಿಗಳಿಗೆ ದಿನವೂ ಹೇಳುವ ನಿಯಮಗಳನ್ನೇ ನಾನು ಮರಳಿನ ಮೇಲೆ ಮರೆತಿದ್ದೆ. ಆ ನಿಯಮಗಳಾವುವು ಎಂಬುದನ್ನು ಈಗ ವಿಚಾರಿಸೋಣ.

ಹಲಗೆ ಏಕೆ ಮುಳುಗುವುದಿಲ್ಲ?

ಹಲಗೆ ತೇಲುವುದರಿಂದ ಮನುಷ್ಯನನ್ನು ಹೊರುತ್ತದೆ ಎಂದು ಮೊದಲ ನೋಟಕ್ಕೆ ತೋರುವುದು ಸಹಜ. ಇದು ಸರಿಯಲ್ಲ. ಹಲಗೆಯ ವಿಸ್ತೀರ್ಣ 0.4 ಚದರ ಮೀಟರ್, ದಪ್ಪ 1 ಸೆಂಟಿಮೀಟರ್, ತೂಕ 3 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಅದರ ಗಾತ್ರ 4 ಲೀಟರ್. ಆರ್ಕಿಮಿಡೀಸನ ತತ್ತ್ವದಂತೆ, ಪೂರ್ತಿ ಮುಳುಗಿದರೂ ಅದು ಸುಮಾರು 4 ಕಿಲೋಗ್ರಾಂ ಭಾರವನ್ನು ಮಾತ್ರ ಎತ್ತಬಲ್ಲದು. ತನ್ನ ತೂಕವನ್ನು ಕಳೆದರೆ ಉಳಿಯುವುದು ಒಂದೇ ಕಿಲೋಗ್ರಾಂ. ಅದರ ಮೇಲೆ 60 ಕಿಲೋಗ್ರಾಂ ತೂಕದ ಯುವಕನು ನಿಲ್ಲುವುದೆಂತು?

ಅವನನ್ನು ಹೊರುವುದು ವೇಗ. ಹಲಗೆಯ ಮೂತಿ ಕಿಂಚಿತ್ತು ಮೇಲಕ್ಕೆದ್ದಿದ್ದು, ಅದು ಮುಂದೆ ಸಾಗಿದಂತೆ ನೀರು ಅದರ ಅಡಿಗೆ ನುಗ್ಗಿ ತಡೆಯಲ್ಪಡುತ್ತದೆ. ತಡೆಯಲ್ಪಟ್ಟ ನೀರು ಹಲಗೆಯನ್ನು ಮೇಲಕ್ಕೆ ಒತ್ತುತ್ತದೆ. ಬರ್ನೂಲಿಯ ಸೂತ್ರದ ಪ್ರಕಾರ, ಹರಿದು ಬರುವ ನೀರು ಹೀಗೆ ಕೊಡಬಲ್ಲ ಅತ್ಯಧಿಕ ಒತ್ತಡವು ನೀರಿನ ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟು. ಯುವಕ ಮತ್ತು ಹಲಗೆ ಸೇರಿ 63 ಕಿಲೋಗ್ರಾಂ. ಭಾರವು ಸುಮಾರು 617 ನ್ಯೂಟನ್. ಇದನ್ನು 0.4 ಚದರ ಮೀಟರಿಗೆ ಹಂಚಿದರೆ ಒತ್ತಡವು ಸುಮಾರು 1540 ಪಾಸ್ಕಲ್. ಈ ಒತ್ತಡ ದೊರೆಯಬೇಕಾದರೆ ವೇಗವು ಸೆಕೆಂಡಿಗೆ ಸುಮಾರು 1.8 ಮೀಟರಾದರೂ ಇರಬೇಕೆಂದು ಲೆಕ್ಕದಿಂದ ತಿಳಿಯುತ್ತದೆ. ಅಡಿಯ ಎಲ್ಲ ಭಾಗದಲ್ಲಿಯೂ ಅತ್ಯಧಿಕ ಒತ್ತಡ ಇರಲಾರದು. ಆದ್ದರಿಂದ ವಾಸ್ತವವಾಗಿ ಬೇಕಾಗುವ ವೇಗ ಇನ್ನೂ ಹೆಚ್ಚು. ವೇಗವು ಈ ಮಿತಿಗಿಂತ ಕೆಳಗಿಳಿದರೆ ಹಲಗೆ ಮರಳಿಗೆ ಕೂರಲೇಬೇಕು.

ನೀರು ಆಳವಾಗಿದ್ದರೆ ಅನುಕೂಲವಲ್ಲವೆ ಎಂದು ಕೇಳಬಹುದು. ಆಳವಾದ ನೀರಿನಲ್ಲಿ ಹಲಗೆಯಿಂದ ಒತ್ತಲ್ಪಟ್ಟ ನೀರು ಕೆಳಕ್ಕೂ ಪಕ್ಕಕ್ಕೂ ಸರಿದುಹೋಗುತ್ತದೆ. ತೆಳುಪದರದಲ್ಲಿ ಕೆಳಗಿನ ಮರಳು ಅದಕ್ಕೆ ಅಡ್ಡಗೋಡೆಯಾಗುತ್ತದೆ. ತಪ್ಪಿಸಿಕೊಳ್ಳಲು ಇಕ್ಕಟ್ಟಾದ ದಾರಿ ಮಾತ್ರ ಇರುವುದರಿಂದ ಅಲ್ಪವಾದ ಓರೆಯೇ ಸಾಕಷ್ಟು ಆಧಾರವನ್ನು ಕೊಡುತ್ತದೆ. ಆಸ್ಟ್ರೇಲಿಯದ ಅಡಿಲೇಡ್ ವಿಶ್ವವಿದ್ಯಾನಿಲಯದ ಗಣಿತಜ್ಞರಾದ ಇ. ಓ. ಟಕ್ ಅವರು ಎ. ಡಿಕ್ಸನ್ ಅವರೊಡನೆ 1989ರಲ್ಲಿ ಈ ಹಲಗೆಯ ಚಲನೆಯನ್ನು ಕುರಿತು ‘ಜರ್ನಲ್ ಆಫ್ ಫ್ಲೂಯಿಡ್ ಮೆಕ್ಯಾನಿಕ್ಸ್’ ಪತ್ರಿಕೆಯಲ್ಲಿ ಗಣಿತಪ್ರಬಂಧವನ್ನೇ ಪ್ರಕಟಿಸಿದರು. ಹುಡುಗರ ಆಟವೂ ವಿದ್ವಾಂಸರ ವಿಚಾರಕ್ಕೆ ವಸ್ತುವಾಗಬಲ್ಲದು ಎಂಬುದಕ್ಕೆ ಇದು ನಿದರ್ಶನ.

ಹಲಗೆಯ ಆಯ್ಕೆ

ಮೇಲಿನ ಲೆಕ್ಕದಿಂದಲೇ ಆಯ್ಕೆಯ ಮೊದಲ ಸೂತ್ರ ಹೊರಡುತ್ತದೆ. ಅದೇ ಯುವಕನಿಗೆ 0.3 ಚದರ ಮೀಟರಿನ ಚಿಕ್ಕ ಹಲಗೆಯನ್ನು ಕೊಟ್ಟರೆ ಕನಿಷ್ಠ ವೇಗವು 1.8ರಿಂದ ಸುಮಾರು 2 ಮೀಟರಿಗೆ ಏರುತ್ತದೆ. ಹಲಗೆ ಚಿಕ್ಕದಾದಷ್ಟೂ ಬೇಗ ಕೂರುತ್ತದೆ. ಸವಾರನು ಭಾರಿಯಾದಷ್ಟೂ ದೊಡ್ಡ ಹಲಗೆ ಬೇಕು. ಆದ್ದರಿಂದ ಆರಂಭಿಸುವವನು ತನ್ನ ತೂಕಕ್ಕೆ ಹೊಂದುವವುಗಳಲ್ಲಿ ತುಸು ದೊಡ್ಡದನ್ನೇ ಆರಿಸುವುದು ಲೇಸು. ನೆಟ್ಟಗೆ ನಿಲ್ಲಿಸಿದಾಗ ಹೊಟ್ಟೆಗೂ ಎದೆಗೂ ನಡುವಣ ಮಟ್ಟಕ್ಕೆ ಬರುವ ಹಲಗೆ ಸಾಮಾನ್ಯವಾಗಿ ಒಪ್ಪುತ್ತದೆ. ಆದರೆ ಎತ್ತರಕ್ಕಿಂತ ತೂಕವೇ ಮುಖ್ಯವೆಂಬುದನ್ನು ಮರೆಯಬಾರದು. ಮಿತಿಮೀರಿ ದೊಡ್ಡದಾದರೆ ಹಿಡಿದು ಓಡುವುದೂ ತಿರುಗಿಸುವುದೂ ಕಷ್ಟ.

ಎರಡನೆಯದು, ಹಲಗೆಯ ದ್ರವ್ಯ. ಸಮತಟ್ಟಾದ ಮರಳಿನ ತೀರದಲ್ಲಿ ಜಾರಿ ಕಲಿಯುವುದಕ್ಕೆ ಪ್ಲೈವುಡ್ಡಿನ ಹಲಗೆ ಸಾಕು; ಬೆಲೆಯೂ ಕಡಿಮೆ, ಮರಳಿನ ಉಜ್ಜಾಟವನ್ನೂ ತಾಳುತ್ತದೆ. ಅಂಚುಗಳಿಗೆ ವಾರ್ನಿಷ್ ಚೆನ್ನಾಗಿ ಕೂತಿದೆಯೆ ಎಂದು ನೋಡಬೇಕು. ಇಲ್ಲವಾದರೆ ನೀರು ಹೀರಿ ಪದರಗಳು ಬಿಡುತ್ತವೆ. ಅಲೆಯ ವರೆಗೆ ಹೋಗಬಯಸುವವರಿಗೆ ಒಳಗೆ ಹಗುರವಾದ ಫೋಮ್, ಹೊರಗೆ ಗಾಜಿನ ನಾರು ಅಥವಾ ಇಂಗಾಲದ ನಾರಿನ ಹೊದಿಕೆ ಇರುವ, ಸುಮಾರು 16ರಿಂದ 19 ಮಿಲಿಮೀಟರ್ ದಪ್ಪದ ಹಲಗೆ ಬೇಕು. ಅಂಥದು ಬೆಲೆಬಾಳುವಂಥದು, ಕಲಿಯುವ ಮೊದಲೇ ಕೊಳ್ಳಬೇಕಾಗಿಲ್ಲ.

ಮೂರನೆಯದು, ಮೂತಿಯ ಬಾಗು. ಮೂತಿ ಚಪ್ಪಟೆಯಾಗಿದ್ದರೆ ವೇಗ ಹೆಚ್ಚು ಕಾಲ ಉಳಿಯುತ್ತದೆ. ಆದರೆ ಮರಳಿಗೋ ನೀರಿಗೋ ಬೇಗ ಕಚ್ಚಿಕೊಳ್ಳುತ್ತದೆ. ಬಾಗು ಹೆಚ್ಚಾದರೆ ಕಚ್ಚುವುದಿಲ್ಲ. ಆದರೆ ನೀರಿನ ತಡೆ ಹೆಚ್ಚುತ್ತದೆ. ಮಧ್ಯಮ ಮಾರ್ಗವೇ ಹೊಸಬರಿಗೆ ಯೋಗ್ಯ. ಹಲಗೆಯ ಮೇಲ್ಮೈಗೆ ಮೇಣವನ್ನು ಹಚ್ಚುವುದಾಗಲಿ ರಬ್ಬರಿನಂಥ ಹಿಡಿತದ ಹಾಳೆಯನ್ನು ಅಂಟಿಸುವುದಾಗಲಿ ಅವಶ್ಯ. ಅಡಿಯಲ್ಲಿ ಘರ್ಷಣೆ ಕಡಿಮೆಯಾಗಬೇಕು, ಮೇಲೆ ಘರ್ಷಣೆ ಹೆಚ್ಚಾಗಬೇಕು: ಇದು ಈ ಆಟದ ಸ್ವಾರಸ್ಯ.

ಹತ್ತುವ ಕ್ರಮ

ಚಲಿಸುತ್ತಿರುವ ಬಸ್ಸನ್ನು ಹತ್ತುವವನು ಬಸ್ಸಿನಷ್ಟೇ ವೇಗವಾಗಿ ಓಡದಿದ್ದರೆ ಏನಾಗುವುದೆಂದು ಎಲ್ಲರೂ ಬಲ್ಲರು. ಇಲ್ಲಿಯೂ ನಿಯಮ ಅದೇ. ಹಲಗೆಯನ್ನು ಎತ್ತರದಿಂದ ಎಸೆಯದೆ, ಬಗ್ಗಿ, ನೀರಿಗೆ ಸಮಾನಾಂತರವಾಗಿ ಜಾರಬಿಡಬೇಕು. ಬಿಟ್ಟ ಮೇಲೆ ಓಟವನ್ನು ನಿಲ್ಲಿಸಕೂಡದು. ಎರಡು ಮೂರು ಹೆಜ್ಜೆ ಅದರ ಜೊತೆಯಲ್ಲಿಯೇ ಓಡಿ, ಒಂದು ಕಾಲನ್ನು, ಒಡನೆಯೇ ಇನ್ನೊಂದನ್ನು, ಹಲಗೆಯ ನಡುವಿನ ಸುತ್ತ ಇಡಬೇಕು. ಭಾರವು ಮುಂದಕ್ಕೆ ಬಿದ್ದರೆ ಮೂತಿ ಕಚ್ಚುತ್ತದೆ, ಹಿಂದಕ್ಕೆ ಬಿದ್ದರೆ ಬಾಲ ಎಳೆಯುತ್ತದೆ.

ನಾನು ಮಾಡಿದ ತಪ್ಪನ್ನು ಈಗ ವಿವರಿಸಬಹುದು. ನಿಂತು ಹಾರಿದ್ದರಿಂದ ನನ್ನ ವೇಗ ಹಲಗೆಯ ವೇಗಕ್ಕಿಂತ ಕಡಿಮೆಯಾಗಿತ್ತು. ದೇಹಕ್ಕಿಂತ ಮುಂದೆ ಚಾಚಿದ ಕಾಲು ಮೂರು ಕಿಲೋಗ್ರಾಂ ತೂಕದ ಹಲಗೆಯನ್ನು ಇನ್ನೂ ಮುಂದಕ್ಕೆ ತಳ್ಳಿತು. ಅದನ್ನು ತಡೆಯುವ ಘರ್ಷಣೆ ಅಡಿಯಲ್ಲಿ ಇರಲಿಲ್ಲ. ಪಾದಗಳು ಹಲಗೆಯೊಡನೆ ಹೋದವು, ದೇಹ ಹಿಂದೆ ಉಳಿಯಿತು.

ಇನ್ನೊಂದು ದೋಷವೂ ಇತ್ತು. 20 ಸೆಂಟಿಮೀಟರ್ ಎತ್ತರದಿಂದ ಬೀಳುವ ದೇಹವನ್ನು 2 ಸೆಂಟಿಮೀಟರ್ ಅಂತರದಲ್ಲಿ ನಿಲ್ಲಿಸಬೇಕಾದರೆ ಸರಾಸರಿ ಬಲವು ದೇಹದ ಭಾರದ 11 ಪಟ್ಟು ಆಗಬೇಕು. ಮಂಡಿಗಳನ್ನು ಬಗ್ಗಿಸಿ 20 ಸೆಂಟಿಮೀಟರಿನಲ್ಲಿ ನಿಲ್ಲಿಸಿದರೆ ಎರಡು ಪಟ್ಟು ಸಾಕು. ಹಾರದೆ ಹೆಜ್ಜೆಯಿಡಬೇಕು, ಮಂಡಿ ಬಗ್ಗಿರಬೇಕು ಎಂಬ ಆಟಗಾರರ ಮಾತಿನ ಅರ್ಥ ಇದೇ.

ಎಚ್ಚರಿಕೆ

ತೆಳುನೀರು ಅಪಾಯವಿಲ್ಲದ್ದೆಂದು ಭಾವಿಸುವುದು ದೊಡ್ಡ ಭ್ರಮೆ. ಎರಡು ಸೆಂಟಿಮೀಟರ್ ನೀರು ಬೀಳುವವನನ್ನು ರಕ್ಷಿಸಲಾರದು. ಕೆಳಗಿರುವುದು ಗಟ್ಟಿಯಾದ ಒದ್ದೆಮರಳು. ಮಣಿಕಟ್ಟು ಮತ್ತು ಕಣಕಾಲು ಮೊದಲು ಪೆಟ್ಟು ತಿನ್ನುತ್ತವೆ. ದಡದಲ್ಲಿಯೇ ಒಡೆಯುವ ಅಲೆಯೊಳಕ್ಕೆ ತಲೆ ಮುಂದಾಗಿ ಬಿದ್ದರೆ ಕುತ್ತಿಗೆಯ ಮೂಳೆಯೇ ಮುರಿಯಬಹುದು. ಅದು ಜೀವನಪರ್ಯಂತದ ನಷ್ಟ. ಕಲ್ಲಿರುವ ಕಡೆ, ಸ್ನಾನ ಮಾಡುವವರ ನಡುವೆ, ಒಬ್ಬಂಟಿಯಾಗಿ ಈ ಆಟವನ್ನು ಆಡತಕ್ಕದ್ದಲ್ಲ. ನಮ್ಮ ಕರಾವಳಿಯಲ್ಲಿಯೂ ಮೂಲ್ಕಿಯ ಬಳಿ ಅಲೆಸವಾರಿಯನ್ನು ಕಲಿಸುವವರಿದ್ದಾರೆ. ಕಡಲಿನ ಸ್ವಭಾವವನ್ನು ಅಂಥವರಿಂದ ಅರಿತುಕೊಳ್ಳುವುದು ಕ್ಷೇಮ. ಮಳೆಗಾಲದ ಸಮುದ್ರದ ಬಳಿಗೆ ಹೋಗುವ ಮಾತೇ ಬೇಡ.

ಕಡೆಗೆ, ಕಡಲಿಲ್ಲದ ಊರಿನ ವಿದ್ಯಾರ್ಥಿಗಳೂ ಮಾಡಬಹುದಾದ ಒಂದು ಅಭ್ಯಾಸ. ಕಾಲೇಜಿನ ಮೈದಾನದಲ್ಲಿ 20 ಮೀಟರ್ ಅಳೆದು ಗುರುತು ಮಾಡಿ, ಗೆಳೆಯನ ಕೈಗೆ ಗಡಿಯಾರ ಕೊಟ್ಟು ಓಡಿರಿ. ಐದು ಸೆಕೆಂಡು ಹಿಡಿದರೆ ನಿಮ್ಮ ವೇಗ ಸೆಕೆಂಡಿಗೆ 4 ಮೀಟರ್. ನಿಮ್ಮ ತೂಕವನ್ನು ಮೇಲಿನ ಲೆಕ್ಕಕ್ಕೆ ಹಾಕಿ, 0.4 ಚದರ ಮೀಟರಿನ ಹಲಗೆಗೆ ಬೇಕಾಗುವ ಕನಿಷ್ಠ ವೇಗವನ್ನು ಕಂಡುಹಿಡಿಯಿರಿ. ಈ ಎರಡು ಸಂಖ್ಯೆಗಳ ನಡುವಣ ಅಂತರವೇ ನಿಮ್ಮ ಬಂಡವಾಳ; ನೀರು ಅದನ್ನು ಕ್ಷಣಕ್ಷಣಕ್ಕೂ ಕಸಿದುಕೊಳ್ಳುತ್ತಿರುತ್ತದೆ. ಈ ಲೆಕ್ಕವನ್ನು ಮಾಡಿಕೊಂಡು ಹಲಗೆಯ ಮೇಲೆ ಕಾಲಿಡುವವನು ನನಗಿಂತ ಜಾಣ. ಅವನ ಬಲಗೈ ಬರೆಯುವುದಕ್ಕೆ ಉಳಿದೀತು.