ಬೇಸಿಗೆಗೆ ತಂಪಾದ ಕಡಿಮೆ ಖರ್ಚಿನ ಮನೆ

ಕಲಬುರಗಿ, ರಾಯಚೂರು, ಬಳ್ಳಾರಿ ಜಿಲ್ಲೆಗಳಲ್ಲಿ ಏಪ್ರಿಲ್-ಮೇ ತಿಂಗಳ ಹಗಲಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಹಗಲೆಲ್ಲ ಹೊಲದಲ್ಲಿ ದುಡಿದವರ ಮೈ ರಾತ್ರಿಯಾದರೂ ತಣಿಯಬೇಕು. ಆದರೆ ತಗಡಿನ ಮನೆ ಹಗಲು ಒಲೆಯಂತೆ ಕಾಯುತ್ತದೆ. ಕಾಂಕ್ರೀಟ್ ತಾರಸಿ ಹಗಲು ಹೀರಿದ ಶಾಖವನ್ನು ರಾತ್ರಿ ಒಳಗೆ ಬಿಡುತ್ತದೆ. ಹಸುಗೂಸು, ಗರ್ಭಿಣಿ ಮತ್ತು ವೃದ್ಧರಿಗೆ ಇದು ಜೀವಕ್ಕೇ ಅಪಾಯ.

ಹಳೆಯ ಮನೆಯ ಪಾಠ

ಮಾಳಿಗೆ ಮನೆಯ ದಪ್ಪ ಗೋಡೆ ಮತ್ತು ಮಣ್ಣಿನ ಛಾವಣಿ ಶಾಖವನ್ನು ನಿಧಾನವಾಗಿ ಒಳಗೆ ಬಿಡುತ್ತವೆ. ಆದರೆ 1993ರ ಸೆಪ್ಟೆಂಬರ್ 30ರಂದು ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪವಾದಾಗ, ಮಣ್ಣಿನ ಗಾರೆಯಲ್ಲಿ ಕಟ್ಟಿದ ಕಲ್ಲುಗೋಡೆಗಳೂ ಭಾರವಾದ ಮಾಳಿಗೆಗಳೂ ಕುಸಿದು ಸಾವಿರಾರು ಜನರು ಸತ್ತರು. ಆದ್ದರಿಂದ ಹಳೆಯ ಮನೆಯ ತಂಪನ್ನು ಉಳಿಸಿಕೊಂಡು ಅದರ ಭಾರವನ್ನು ಬಿಡಬೇಕು.

ಮೊದಲು ಛಾವಣಿ

ಒಂದೇ ಅಂತಸ್ತಿನ ಮನೆಗೆ ಬಿಸಿಲು ಹೆಚ್ಚಾಗಿ ತಾಗುವುದು ಛಾವಣಿಗೆ. ಕೈಯಲ್ಲಿ ಹಣ ಕಡಿಮೆಯಿದ್ದರೆ ಮೊದಲು ಅಲ್ಲಿಗೇ ಖರ್ಚು ಮಾಡಬೇಕು. ತಾರಸಿಗೆ ಬಿಳಿ ಸುಣ್ಣ ಬಳಿದರೆ ಬಿಸಿಲಿನ ಬಹುಪಾಲು ಹಿಂದಕ್ಕೆ ಚಿಮ್ಮುತ್ತದೆ. 1 ಕಿಲೋ ಸುಟ್ಟ ಸುಣ್ಣವನ್ನು 5 ಲೀಟರ್ ನೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕಿ 24 ಗಂಟೆ ಬಿಟ್ಟು, ಒರಟು ಬಟ್ಟೆಯಲ್ಲಿ ಸೋಸಬೇಕು. ಪ್ರತಿ 10 ಲೀಟರ್ ಸುಣ್ಣದ ಹಾಲಿಗೆ ಬಿಸಿನೀರಿನಲ್ಲಿ ಕರಗಿಸಿದ 40 ಗ್ರಾಂ ಅಂಟು ಸೇರಿಸಿ, ಗುಡಿಸಿ ತೊಳೆದ ತಾರಸಿಗೆ ಮೂರು ಸಲ ಬಳಿಯಬೇಕು. ಸುಣ್ಣ ಕುದಿಯುವಾಗ ಕಣ್ಣು, ಕೈಗಳನ್ನು ಕಾಪಾಡಿಕೊಳ್ಳಬೇಕು, ಮಕ್ಕಳನ್ನು ದೂರವಿಡಬೇಕು. ಮಳೆಗೆ ಸುಣ್ಣ ತೊಳೆದುಹೋಗುವುದರಿಂದ ಪ್ರತಿ ವರ್ಷ ಬೇಸಿಗೆಗೆ ಮುಂಚೆ ಬಳಿಯುವುದು ಉತ್ತಮ.

ತಗಡಿನ ಮನೆಯಾದರೆ, ತಗಡಿನ ಕೆಳಗೆ ಸುಮಾರು 1 ಅಡಿ ಅಂತರ ಬಿಟ್ಟು ಬಿದಿರಿನ ತಟ್ಟಿ ಕಟ್ಟಿ, ಎರಡೂ ತುದಿಗಳಲ್ಲಿ ಗಾಳಿಗಿಂಡಿ ಬಿಡಬೇಕು. ಒಲೆಯ ಮೇಲ್ಭಾಗದಲ್ಲಿ ತಟ್ಟಿ ಬೇಡ.

ಗೋಡೆ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು ಸ್ಥಿರೀಕರಿಸಿದ ಮಣ್ಣಿನ ಇಟ್ಟಿಗೆಯನ್ನು ಬಳಕೆಗೆ ತಂದಿತು. ಜರಡಿ ಹಿಡಿದ ಮಣ್ಣಿಗೆ ಶೇ. 6ರಿಂದ 8ರಷ್ಟು ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಕನಿಷ್ಠ 21 ದಿನ ತೇವದಲ್ಲಿಡಬೇಕು. ಇದನ್ನು ಸುಡುವ ಅಗತ್ಯವಿಲ್ಲ; ಸೌದೆ ಉಳಿಯುತ್ತದೆ. ಮರಳು ಮಿಶ್ರಿತ ಕೆಂಪು ಮಣ್ಣು ಇದಕ್ಕೆ ಒಳ್ಳೆಯದು. ಎರೆಮಣ್ಣು ಉಬ್ಬಿ ಬಿರುಕು ಬಿಡುವುದರಿಂದ ಅದನ್ನು ಹಾಗೆಯೇ ಬಳಸಬಾರದು. ಬಾಗಿಲು, ಕಿಟಕಿಗಳ ಮೇಲ್ಮಟ್ಟದಲ್ಲಿ ಎಲ್ಲ ಗೋಡೆಗಳನ್ನೂ ಬಿಗಿಯುವಂತೆ ಕಬ್ಬಿಣದ ಸರಳಿನ ಕಾಂಕ್ರೀಟ್ ಪಟ್ಟಿ ಹಾಕಿಸಬೇಕು.

ಗಾಳಿ ಮತ್ತು ನೆರಳು

ಎದುರುಬದುರು ಕಿಟಕಿಗಳಿರಲಿ. ಪಡುವಣ ಗೋಡೆಗೆ ದೊಡ್ಡ ಕಿಟಕಿ ಬೇಡ. ಆ ಬದಿಗೆ ಚಪ್ಪರ ಹಾಕಿ ಹೀರೆ, ಸೋರೆ ಬಳ್ಳಿ ಹಬ್ಬಿಸಿದರೆ ನೆರಳೂ ಆಯಿತು, ಕಾಯಿಪಲ್ಯವೂ ದೊರೆಯಿತು. ಸ್ವಲ್ಪ ದೂರದಲ್ಲಿ ಬೇವು ಅಥವಾ ಹೊಂಗೆ ನೆಡಬಹುದು.

2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆ-ಗ್ರಾಮೀಣದಲ್ಲಿ ಮನೆಯ ಕನಿಷ್ಠ ವಿಸ್ತೀರ್ಣ 25 ಚದರ ಮೀಟರ್. ಇಷ್ಟು ಚಿಕ್ಕ ಮನೆ ಬೇಗ ಕಾಯುತ್ತದೆ. ಆದ್ದರಿಂದ ದಿಕ್ಕು, ಕಿಟಕಿ, ಛಾವಣಿಗಳನ್ನು ಪಾಯ ತೋಡುವ ಮೊದಲೇ ನಿರ್ಧರಿಸಬೇಕು. ಈಗಾಗಲೇ ಮನೆ ಕಟ್ಟಿದವರು ಯುಗಾದಿಯ ಒಳಗೆ ತಾರಸಿಗೆ ಸುಣ್ಣವನ್ನಾದರೂ ಬಳಿದುಕೊಳ್ಳಲಿ.